ಹೀತ್‌ಕ್ಲಿಫ್ ಚಾರ್ಮಾಡಿ ಘಾಟಿ ಹತ್ತಿದ ಬಗೆ

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯನ್ನು ಚಿಕ್ಕಮಗಳೂರಿನ ನಮ್ಮ ಹವ್ಯಾಸಿ ತಂಡಕ್ಕೆ ಸಂಗೀತ ನಾಟಕವಾಗಿ ರಂಗರೂಪಿಸಲು ಕುಳಿತಾಗ, ಪ್ರೇಮಕಥೆಗಿಂತ ಮೊದಲು ನನ್ನನ್ನು ತಡೆದು ನಿಲ್ಲಿಸಿದ್ದು ನಾಯಕನ ಮೈಬಣ್ಣ. 1847ರ ಈ ಕೃತಿಯಲ್ಲಿ ಮನೆಯ ಯಜಮಾನ ಲಿವರ್‌ಪೂಲಿನ ಬೀದಿಯಿಂದ ಅನಾಥ ಹುಡುಗನೊಬ್ಬನನ್ನು ಎತ್ತಿ ತರುತ್ತಾನೆ. ಅವನೇ ಹೀತ್‌ಕ್ಲಿಫ್. ಕಪ್ಪು ಮೈಯ ಜಿಪ್ಸಿಯಂತಿದ್ದಾನೆ ಎನ್ನುತ್ತಾರೆ ಒಬ್ಬರು. ಹಡಗಿನಲ್ಲಿ ದುಡಿಯುವ ಲಸ್ಕರರ ಮಗುವೇನೋ ಎನ್ನುತ್ತಾರೆ ಇನ್ನೊಬ್ಬರು. ಕಥೆ ನಡೆಯುವ ಕಾಲಕ್ಕೆ ಲಿವರ್‌ಪೂಲ್ ಗುಲಾಮರ ವ್ಯಾಪಾರದ ದೊಡ್ಡ ಬಂದರು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಆದರೂ 1939ರ ಪ್ರಸಿದ್ಧ ಚಲನಚಿತ್ರದಲ್ಲಿ ಆ ಪಾತ್ರ ಬಿಳಿಯ ನಟ ಲಾರೆನ್ಸ್ ಒಲಿವಿಯರ್ ಪಾಲಾಯಿತು.

ನಮ್ಮ ನಾಟಕದಲ್ಲಿ ಯಾರ್ಕ್‌ಶೈರಿನ ಬಯಲು ಮೂಡಿಗೆರೆ ಕಡೆಯ ಕಾಫಿ ತೋಟವಾಯಿತು, ಲಿವರ್‌ಪೂಲ್ ಮಂಗಳೂರು ಬಂದರಾಯಿತು. ಕಾಫಿ ಗಾಡಿಯೊಂದಿಗೆ ಘಟ್ಟ ಇಳಿದ ತೋಟದ ಗೌಡರು ಮರಳುವಾಗ ಹುಡುಗನನ್ನು ಕರೆತರುತ್ತಾರೆ. ಜಾತಿಯ ಕಥೆಯನ್ನೇ ಮಾಡಬಹುದಿತ್ತಲ್ಲ ಎಂದು ತಂಡದ ಹಿರಿಯರು ಕೇಳಿದರು. ಜಾತಿ ನಾಟಕದಲ್ಲಿ ಇದ್ದೇ ಇದೆ. ಮನೆಗೆ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಯಾವ ಪೈಕಿ?’ ಉತ್ತರ ಸಿಗದಾಗ ಅವರ ಕಣ್ಣು ಅವನ ಗುಂಗುರು ಕೂದಲಿನ ಮೇಲೆ, ಚರ್ಮದ ಮೇಲೆ ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಆ ನೋಟ.

‘ಮುಖಕ್ಕೆ ಕಪ್ಪು ಬಳಿದರಾಯಿತಲ್ಲ ಸಾರ್’ ಎಂದರು ಪ್ರಸಾಧನದವರು. ರಾಕ್ಷಸರಿಗೆ ಮಸಿ ಬಳಿದ ಅಭ್ಯಾಸ ನಮ್ಮ ರಂಗಭೂಮಿಗೆ ಹಳೆಯದು, ನಾನು ಒಪ್ಪಲಿಲ್ಲ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಆಡಿಕೊಂಡು ತಲೆಮಾರುಗಳಿಂದ ಬದುಕುತ್ತಿರುವಾಗ ಬಣ್ಣದ ಡಬ್ಬಿ ಏಕೆ? ಯಲ್ಲಾಪುರ ಕಡೆಯ ಸಿದ್ದಿ ನಟರೊಬ್ಬರನ್ನು ಕೇಳಿಕೊಂಡೆ. ಬರುವಾಗ ಅವರು ದಮಾಮಿ ಎಂಬ ಸಿದ್ದಿಗಳ ಚರ್ಮವಾದ್ಯ ತಂದರು. ನಾಟಕದ ಸಂಗೀತ ತಿರುವು ಪಡೆದದ್ದು ಆ ವಾದ್ಯದಿಂದ.

ಮೂಲದಲ್ಲಿ ಹೀತ್‌ಕ್ಲಿಫ್‌ನಿಗೆ ಆಗುವ ದೊಡ್ಡ ಅನ್ಯಾಯ ಹೊಡೆತವಲ್ಲ ಎಂದು ನನ್ನ ಓದು. ಯಜಮಾನ ಸತ್ತ ಮೇಲೆ ಅವನ ಮಗ ಹಿಂಡ್ಲಿ ಹೀತ್‌ಕ್ಲಿಫ್‌ನ ಪಾಠ ನಿಲ್ಲಿಸಿ ಹೊಲದ ದುಡಿಮೆಗೆ ಅಟ್ಟುತ್ತಾನಲ್ಲ, ಅದು. ಹಾಗಾಗಿ ಮೊದಲ ಹಾಡನ್ನು ಕಾಗುಣಿತದ ಮೇಲೆ ಕಟ್ಟಿದೆ. ಮೂವರು ಮಕ್ಕಳು ಸರದಿಯಂತೆ ಹಾಡುತ್ತಾರೆ, ಹಾರ್ಮೋನಿಯಂ ಜೊತೆಗಿರುತ್ತದೆ. ಗೌಡರು ತೀರಿಕೊಂಡ ಮೇಲೆ ಅದೇ ಹಾಡು ಮತ್ತೆ ಬರುತ್ತದೆ. ಆಗ ಹುಡುಗ ಅಂಗಳದಲ್ಲಿ ಕಾಫಿ ಹರವುತ್ತಿರುತ್ತಾನೆ, ಅವನ ಸಾಲು ಬರುವಲ್ಲಿ ಎರಡು ಅಕ್ಷರಕಾಲ ಖಾಲಿ. ಆ ಖಾಲಿ ಜಾಗ ಉಳಿಸಿಕೊಳ್ಳಲು ತಾಲೀಮಿನಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಹಾರ್ಮೋನಿಯಂನವರಿಗೆ ಬಿಡುವು ಕಂಡರೆ ಕೈ ತುರಿಸುತ್ತದೆ! ಕೊನೆಗೆ ಅಲ್ಲಿ ತಿದಿ ಹಿಡಿದು ನಿಲ್ಲಿಸಿ ಎಂದೇ ಕೇಳಿಕೊಂಡೆ. ದಮಾಮಿಯನ್ನು ಮಾತ್ರ ಈ ಭಾಗದಲ್ಲಿ ಮನೆಯೊಳಗಿನ ಯಾವ ಹಾಡಿಗೂ ಸೇರಿಸಲಿಲ್ಲ. ಅದು ತೋಟದ ಆಳುಗಳ ಲೈನ್ ಮನೆಗಳ ಕಡೆಯಿಂದಷ್ಟೇ ಕೇಳುತ್ತದೆ.

ಅನೇಕರು ಹೀತ್‌ಕ್ಲಿಫ್ ಪ್ರೀತಿಸಿದ ಹಿಂಡ್ಲಿಯ ತಂಗಿ ಕ್ಯಾಥರೀನಳ ಸಾವಿಗೆ ಕಥೆ ಮುಗಿಸಿಬಿಡುತ್ತಾರೆ. ನಾನು ಎರಡನೆಯ ತಲೆಮಾರನ್ನು ಉಳಿಸಿಕೊಂಡೆ. ಹಣವಂತನಾಗಿ ಮರಳಿದ ಹೀತ್‌ಕ್ಲಿಫ್ ಹಿಂಡ್ಲಿಯ ಮಗ ಹೇರ್ಟನ್‌ನಿಗೆ ಅಕ್ಷರ ತಪ್ಪಿಸಿ ಆಳಾಗಿಸುತ್ತಾನೆ. ಕಾಗುಣಿತದ ಹಾಡು ಮೂರನೆಯ ಸಲ ಬರುವುದು ಅಲ್ಲಿ. ಈ ಬಾರಿ ಖಾಲಿ ಬಿಡುವ ಸಾಲು ಗೌಡರ ಮೊಮ್ಮಗನದು, ತಾಳ ಹಿಡಿಯುವುದು ದಮಾಮಿ.