ಸ್ಪಾರ್ಕ್ಲಿಂಗ್ ವೈನ್: ನಾನು ದುಡ್ಡು ಕೊಡುವುದು ಕಾದ ತಿಂಗಳುಗಳಿಗೆ

ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆಯೇಳುವ ವೈನ್ ಕೊಳ್ಳುವಾಗ ನಾನು ಬಾಟಲಿ ತಿರುಗಿಸಿ ಹಿಂದಿನ ಲೇಬಲ್ ಓದುತ್ತೇನೆ. ಗುಳ್ಳೆ ಎಲ್ಲಿ ಹುಟ್ಟಿತು, ವೈನ್ ಎಷ್ಟು ಕಾಲ ಯೀಸ್ಟ್ ಜೊತೆ ಇತ್ತು, ಈ ಎರಡು ಗೊತ್ತಾದರೆ ಕೇಳಿದ ಬೆಲೆ ನ್ಯಾಯವೋ ಅಲ್ಲವೋ ಅಂತ ಸುಮಾರಾಗಿ ಹೇಳಬಹುದು.

ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಮಾಡುವ ಶಾಂಪೇನ್ ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ, ಗುಳ್ಳೆ ಹುಟ್ಟುವುದು ಆಗಲೇ. ಕೆಲಸ ಮುಗಿಸಿದ ಯೀಸ್ಟ್ ಕೆಳಗೆ ಕೂರುತ್ತದೆ. ವೈನ್ ಅದರ ಮೇಲೆ ತಿಂಗಳುಗಟ್ಟಲೆ ಮಲಗಿದರೆ ಬ್ರೆಡ್, ಬಾದಾಮಿಯಂಥ ಪರಿಮಳ ಬರುತ್ತದೆ. ಆಮೇಲೆ ಒಂದೊಂದು ಬಾಟಲಿಯಿಂದಲೂ ಆ ಗಷ್ಟು ತೆಗೆಯಬೇಕು. ಖರ್ಚಾಗುವುದು ಸಹಜ. ಆದರೆ ಶಾಂಪೇನಿನ ಬೆಲೆಯಲ್ಲಿ ಅಲ್ಲಿನ ದ್ರಾಕ್ಷಿಯ ದುಬಾರಿ ದರವೂ ಇದೆ, ಹೆಸರಿನ ತೂಕವೂ ಇದೆ. ಅದೇ ವಿಧಾನವನ್ನು ಬೇರೆ ಕಡೆಯವರೂ ಮಾಡುತ್ತಾರಲ್ವಾ? ನಾನು ಹುಡುಕುವುದು ಅವರನ್ನೇ.

ನನ್ನ ಮೊದಲ ಆಯ್ಕೆ ಕ್ರೆಮಾಂ, ಅಂದರೆ ಫ್ರಾನ್ಸಿನ ಬೇರೆ ಪ್ರದೇಶಗಳಲ್ಲಿ ಅದೇ ವಿಧಾನದಲ್ಲಿ ಮಾಡುವ ವೈನ್. ಇದು ಕನಿಷ್ಠ 9 ತಿಂಗಳು ಯೀಸ್ಟ್ ಮೇಲಿರಬೇಕು ಅನ್ನುವುದು ನಿಯಮ. ಬರ್ಗಂಡಿ ಪ್ರದೇಶದ ಕ್ರೆಮಾಂನಲ್ಲಿ ಶಾಂಪೇನಿನಂತೆಯೇ ಶಾರ್ಡೊನೇ, ಪಿನೋ ನ್ವಾರ್ ದ್ರಾಕ್ಷಿ ಬಳಸುತ್ತಾರೆ. ಶಾಂಪೇನ್ ರುಚಿ ಬೇಕು, ದುಡ್ಡು ಅಷ್ಟಿಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಲ್ವಾರ್ ಪ್ರದೇಶದ ಕ್ರೆಮಾಂ ಹೆಚ್ಚಾಗಿ ಶೆನಿನ್ ಬ್ಲಾಂಕ್ ದ್ರಾಕ್ಷಿಯಿಂದ ಬರುತ್ತದೆ, ಹುಳಿ ಚುರುಕು. ಊಟದ ಜೊತೆಗೆ ನನಗೆ ಇದೇ ಇಷ್ಟ.

ಅದೇ ವಿಧಾನದ ಸ್ಪೇನಿನ ಕಾವಾದಲ್ಲಿ ಲೇಬಲ್ ಓದುವವರಿಗೆ ನಿಜವಾದ ಲಾಭ ಇದೆ. ಯೀಸ್ಟ್ ಮೇಲೆ ಕನಿಷ್ಠ ಸಾಮಾನ್ಯ ಕಾವಾ 9 ತಿಂಗಳು, ರಿಸರ್ವಾ 18, ಗ್ರಾನ್ ರಿಸರ್ವಾ 30. ದ್ರಾಕ್ಷಿ ಕೊಯ್ದ ವರ್ಷ ನಮೂದಿಸದ ಶಾಂಪೇನಿಗೆ ಬಾಟಲಿ ತುಂಬಿದ ಮೇಲೆ ಒಟ್ಟು 15 ತಿಂಗಳು ಸಾಕು, ಅದರಲ್ಲಿ 12 ಯೀಸ್ಟ್ ಮೇಲೆ. ಒಳ್ಳೆ ಶಾಂಪೇನ್ ತಯಾರಕರು ಇದಕ್ಕಿಂತ ಜಾಸ್ತಿ ಕಾಯುತ್ತಾರೆ, ಅದು ಬೇರೆ ಮಾತು. ಆದರೂ ತೀರಾ ಅಗ್ಗದ ಶಾಂಪೇನ್ ಮತ್ತು ಒಳ್ಳೆ ಕಾವಾ ರಿಸರ್ವಾ ಪಕ್ಕಪಕ್ಕ ಇದ್ದರೆ ನನ್ನ ಕೈ ಕಾವಾ ಕಡೆಗೇ ಹೋಗುತ್ತದೆ. ದಕ್ಷಿಣ ಆಫ್ರಿಕಾದ ಕ್ಯಾಪ್ ಕ್ಲಾಸೀಕ್ ಕೂಡ ಇದೇ ಸಾಲಿನದು, ಅದಕ್ಕೆ 12 ತಿಂಗಳು.

ಇಟಲಿಯ ಪ್ರೊಸೆಕ್ಕೊ ದಾರಿ ಬೇರೆ. ಅದರ ಗುಳ್ಳೆ ಸಾಮಾನ್ಯವಾಗಿ ದೊಡ್ಡ ಟ್ಯಾಂಕಿನಲ್ಲಿ ಹುಟ್ಟುತ್ತದೆ, ಅದಕ್ಕೇ ಬೆಲೆ ಕಡಿಮೆ. ಸೇಬು, ಪೇರ್ ಹಣ್ಣಿನ ತಾಜಾತನ ಬೇಕಾದಾಗ ನಾನು ಖುಷಿಯಿಂದ ಕೊಳ್ಳುತ್ತೇನೆ. ಹಣ್ಣಿನ ರಸ ಬೆರೆಸಿ ಕೊಡುವ ಪಾರ್ಟಿಗಂತೂ ಇದೇ ಸರಿ. ಅಲ್ಲಿ 30 ತಿಂಗಳು ಕಾದ ವೈನ್ ಸುರಿಯುವುದು ಸುಮ್ನೆ ದಂಡ. ಸೋಡಾ ಹಾಗೆ ಗ್ಯಾಸ್ ತುಂಬಿದ್ದನ್ನು ಮಾತ್ರ ಮುಟ್ಟುವುದಿಲ್ಲ. ಲೋಟಕ್ಕೆ ಸುರಿದ ಸ್ವಲ್ಪ ಹೊತ್ತಿಗೆ ಗುಳ್ಳೆಯೆಲ್ಲ ಸತ್ತುಹೋಗುತ್ತದೆ.

ಇನ್ನು ಸಿಹಿ. ಲೇಬಲ್ ಮೇಲಿನ ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈ ಅಂದರೆ 12ರಿಂದ 17. ಹೌದು, ಡ್ರೈ ಅಂದರೆ ಸಿಹಿಯಿಲ್ಲದ್ದು ಅಂತ ಅರ್ಥವಾದರೂ ಎಕ್ಸ್‌ಟ್ರಾ ಡ್ರೈಯೇ ಜಾಸ್ತಿ ಸಿಹಿ. ಅಗ್ಗದ ಬಾಟಲಿಯಲ್ಲಿ ಸಕ್ಕರೆ ಎಷ್ಟೋ ಕೊರತೆಗಳನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಹೊಸ ಹೆಸರನ್ನು ಪರೀಕ್ಷಿಸುವಾಗ ನಾನು ಬ್ರೂಟ್ ಅಥವಾ ಅದಕ್ಕಿಂತ ಕಡಿಮೆ ಸಿಹಿಯದನ್ನೇ ತರುತ್ತೇನೆ.

ಕೆಲವು ಲೇಬಲ್‌ಗಳಲ್ಲಿ ಯೀಸ್ಟ್ ತೆಗೆದ ತಾರೀಖೂ ಇರುತ್ತದೆ. ಸಾಧಾರಣ ದರದ ವೈನ್ ಆದರೆ ಇತ್ತೀಚಿನದನ್ನೇ ಆರಿಸಿ. ಬಿಸಿಲು ಬೀಳುವ ಕಿಟಕಿಯಲ್ಲಿ ನಿಂತ ಬಾಟಲಿ, ಅದೂ ಬಣ್ಣವಿಲ್ಲದ ಗಾಜಿನದು, ಎಷ್ಟೇ ರಿಯಾಯಿತಿ ಇದ್ದರೂ ಬೇಡ. ಬೆಳಕಿಗೆ ಆ ವೈನ್ ಬೇಗ ಕೆಡುತ್ತದೆ.