ಎಂಬಿಎ ಆದ್ರೂ ಇಂಟರ್ವ್ಯೂ ಕರೆ ಬರ್ತಿಲ್ವಾ?

ಮೊದಲು ರೆಸ್ಯೂಮೆಯ ಮೇಲಿನ ಮೂರು ಸಾಲು ನೋಡಿ. ನನ್ನದರಲ್ಲಿ ಡಿಗ್ರಿ ಹೆಸರು ದಪ್ಪಕ್ಷರದಲ್ಲಿ ಕೂತಿತ್ತು, ಮಾಡಿದ ಕೆಲಸ ಎರಡನೇ ಪುಟದ ಕೊನೆಯಲ್ಲಿತ್ತು, ಅಲ್ಲಿವರೆಗೆ ಯಾರು ಓದುತ್ತಾರೆ ಹೇಳಿ? "ಸೇಲ್ಸ್ ತಂಡ ನೋಡಿಕೊಂಡೆ" ಅಂತ ಇದ್ದದ್ದನ್ನು "6 ಜನರ ತಂಡ, ಬಾಕಿ ವಸೂಲಿಯ ಸಮಯ 45 ದಿನದಿಂದ 30ಕ್ಕೆ ಇಳಿಸಿದೆವು" ಅಂತ ಮಾಡಿ ಮೇಲಕ್ಕೆ ತಂದೆ. ಆಮೇಲೆ ಕರೆ ಬರತೊಡಗಿದವು.

ಸಣ್ಣ ಹುದ್ದೆಗೆ ಅರ್ಜಿ ಹಾಕಿದರೆ ಡಿಗ್ರಿಯೇ ಅಡ್ಡ ಬರುವುದೂ ಉಂಟು. ಜಾಸ್ತಿ ಸಂಬಳ ಕೇಳುತ್ತಾರೆ, ಬೇಗ ಬಿಟ್ಟು ಹೋಗುತ್ತಾರೆ ಅನ್ನೋ ಭಯ ಕಂಪನಿಯವರಿಗೆ. ಈ ಕೆಲಸವೇ ಯಾಕೆ ಬೇಕು ಅಂತ ಕವರ್ ಲೆಟರ್‌ನಲ್ಲಿ ಎರಡು ಸಾಲು ಬರೆಯಿರಿ.

ಸುಮ್ನೆ ದಿನಕ್ಕೆ 50 ಕಡೆ ಅಪ್ಲೈ ಮಾಡಬೇಡಿ. ಹಳೆಯ ಸಹಪಾಠಿಗಳಿಗೆ ಮೆಸೇಜ್ ಹಾಕಿ. "ಕೆಲಸ ಕೊಡಿಸಿ" ಅಂತಲ್ಲ, "ನಿಮ್ಮ ತಂಡದಲ್ಲಿ ಎಂಥವರನ್ನು ಹುಡುಕುತ್ತಿದ್ದಾರೆ?" ಅಂತ.