ಮುಳಿಹುಲ್ಲಿನ ಹಟ್ಟಿ: ಕಂಬದ ಬುಡ, ಮಾಡಿನ ನೆತ್ತಿ

ವರ್ಷಕ್ಕೆ 3,500 ಮಿ.ಮೀ. ದಾಟುವ ದಕ್ಷಿಣ ಕನ್ನಡದ ಮಳೆಗೆ ಹುಲ್ಲಿನ ಹಟ್ಟಿ, ಅಂದರೆ ದನದ ಕೊಟ್ಟಿಗೆ, ಸೋಲುವುದು ಎರಡು ಕಡೆ: ಕಂಬದ ಬುಡದಲ್ಲಿ, ಮಾಡಿನ (ಛಾವಣಿಯ) ನೆತ್ತಿಯಲ್ಲಿ. 16 ಅಡಿ ಅಗಲ, 24 ಅಡಿ ಉದ್ದದ ಹಳೆಯ ಹಟ್ಟಿಯನ್ನು ರಿಪೇರಿ ಮಾಡಿದಾಗ ನಾನು ಮೊದಲು ಕೈಹಾಕಿದ್ದು ಬುಡಕ್ಕೆ.

ಕಂಬಗಳು ಕಿರಾಲುಬೋಗಿ ಎಂಬ ಗಟ್ಟಿಮರದವು. ಮೇಲ್ಭಾಗದಲ್ಲಿ ಬಾಚಿಯ ಕೆತ್ತುಗಳು ಇನ್ನೂ ಹಾಗೇ ಇವೆ. ಗಂಜಲ, ಸೊಪ್ಪುಗೊಬ್ಬರ ತಾಗುವ ಒಂದೂವರೆ ಅಡಿ ಮಾತ್ರ ಲಡ್ಡು, ಅಂದರೆ ಕೊಳೆತು ಮೆತ್ತಗಾಗಿದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಉಳಿಯಿಂದ ಚುಚ್ಚಿ ನೋಡಬೇಕು. ಪಕ್ಕದಲ್ಲಿ ಜಾಕ್ ಕೊಟ್ಟು ತೊಲೆಯ ಭಾರ ಇಳಿಸಿದೆ. ಅರ್ಧ ಇಂಚಿಗಿಂತ ಹೆಚ್ಚು ಎತ್ತಬಾರದು, ಕಂಬದ ತಲೆಯ ಸೇರಿಕೆ ಸೀಳುತ್ತದೆ. ಲಡ್ಡು ತೆಗೆದು, ಕಂಬದ ದಪ್ಪದ ಮೂರು ಪಟ್ಟು ಉದ್ದಕ್ಕೆ ಎರಡೂ ಮರವನ್ನು ಅರ್ಧರ್ಧ ದಪ್ಪ ಕೊಯ್ದು, ಅದೇ ಜಾತಿಯ ಒಣಮರ ಕೂಡಿಸಿದೆ. ಬಿಗಿಗೆ ಮರದ ಬೆಣೆಯೇ ಸರಿ. ಕಬ್ಬಿಣದ ಮೊಳೆ ಗಂಜಲಕ್ಕೆ ತುಕ್ಕು ಹಿಡಿದು ಉಬ್ಬುತ್ತದೆ, ಮರ ಬಿರಿಯುತ್ತದೆ. ಹೊಸ ಬುಡ ನೆಲದಿಂದ 9 ಇಂಚು ಮೇಲೆ, ಶಿಲೆಕಲ್ಲಿನ ಮೇಲೆ ಕೂತಿದೆ. ಕೆಂಪುಕಲ್ಲು ನೀರು ಹೀರುವುದರಿಂದ ಇಲ್ಲಿ ಬೇಡವೇ ಬೇಡ.

ಪಕ್ಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಮರದ) ಇಳಿಜಾರು 45 ಡಿಗ್ರಿ, ಅಂದರೆ ಅಗಲದ ಅರ್ಧದಷ್ಟು ಎತ್ತರ. ಇದನ್ನು ತಗ್ಗಿಸುವ ಆಸೆ ಬೇಡ. ಪ್ರತಿ ಸಾಲು ಕೆಳಗಿನ ಸಾಲಿನ ಮೇಲೆ ಒರಗುವುದರಿಂದ ಹುಲ್ಲು ಪಕ್ಕಾಸಿಗಿಂತ 10ರಿಂದ 15 ಡಿಗ್ರಿ ಚಪ್ಪಟೆಯಾಗಿ ಮಲಗುತ್ತದೆ. ನೀರು ಹರಿಯುವುದು ಆ ಹುಲ್ಲಿನ ಓಟದಲ್ಲಿ, ಪಕ್ಕಾಸಿನ ಓಟದಲ್ಲಲ್ಲ.

ಪಕ್ಕಾಸಿನ ಮೇಲೆ ಅಡ್ಡ ಕಟ್ಟುವ ರೀಪಿಗೆ ಅಡಿಕೆ ಮರ ಸೀಳಿದ ಸಲಾಕೆ, 9 ಇಂಚಿಗೊಂದು. ಒಳಗಿನ ತಿರುಳು ಪೂರ್ತಿ ಕೆತ್ತದಿದ್ದರೆ ಹುಳ ಖಂಡಿತ. ಹುಲ್ಲು ಮಳೆಗಾಲ ಕಳೆದು ಒಣಗಿದ ಮೇಲೆ ಕೊಯ್ದದ್ದು, ಮೂರಡಿ ಉದ್ದದ್ದು. ಎರಡು ಕೈ ಸೇರಿಸಿ ಹಿಡಿಯುವ ಗಾತ್ರದ ಸೂಡಿಗಳು (ಹುಲ್ಲಿನ ಕಟ್ಟುಗಳು), ಅಡಿಗೆ ಎರಡು. ಸೂರಿನಿಂದ ಮೇಲಕ್ಕೆ ಬದಿಗೆ 19 ಸಾಲು. ಎರಡೂ ಬದಿಗೆ 2,000ಕ್ಕಿಂತ ತುಸು ಹೆಚ್ಚು ಸೂಡಿ ಹಿಡಿದವು. ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದ ಮೇಲೆ ದಪ್ಪ 9 ಇಂಚು ಬಂತು. ಸರಿಯಾಗಿ ಹೊದೆಸಿದ ಮಾಡಿನಲ್ಲಿ ಜಡಿಮಳೆ ಸುರಿಯುವಾಗ ಕೈ ತೂರಿಸಿ ನೋಡಿ: ಮೇಲಿನ ಒಂದೆರಡು ಇಂಚು ಮಾತ್ರ ಒದ್ದೆ, ಅದರಡಿಯ ಹುಲ್ಲು ಗರಿಗರಿ.

ನೆತ್ತಿಯಲ್ಲಿ ಹುಲ್ಲನ್ನು ಮಡಚಿ ಎರಡೂ ಕಡೆಗೆ ಇಳಿಬಿಡಬೇಕು, ಅಲ್ಲಿ ಇಳಿಜಾರೇ ಇರುವುದಿಲ್ಲ. ಸೋರಿದರೆ ಟಾರ್ಪಾಲು ಹೊದೆಸುವವರಿದ್ದಾರೆ. ಹಸುಗಳ ಉಸಿರಿನ ಹಬೆ ಅದರಡಿಯಲ್ಲಿ ಸಿಕ್ಕಿಬಿದ್ದು ಒಂದೇ ಮಳೆಗಾಲದಲ್ಲಿ ಹುಲ್ಲು ಒಳಗಿನಿಂದ ಕೊಳೆಯುತ್ತದೆ. ಬದಿಗಳು ಗಟ್ಟಿಯಿದ್ದರೂ ನೆತ್ತಿಯ ಹುಲ್ಲನ್ನು ಪ್ರತಿ ಬೇಸಿಗೆ ಬದಲಿಸುತ್ತೇನೆ.